ಪೈಪಕ್ಕನ ನೂರ ಎಂಬತ್ತು

ನಕ್ಷೆಯವನಿಗೆ ಎಂಟನೇ ತರಗತಿಯಲ್ಲಿ ಒಂದು ಗಟ್ಟಿ ನಂಬಿಕೆ ಇತ್ತು. ಎರಡು ಕೋನಗಳು ಕೂಡಿ ನೂರ ಎಂಬತ್ತು ಡಿಗ್ರಿ ಆಗಿ ಪರಿಪೂರಕ ಅನ್ನಿಸಿಕೊಳ್ಳಬೇಕಾದರೆ ಅವೆರಡೂ ಒಂದೇ ಗೆರೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿರಬೇಕು, ಒಂಚೂರು ದೂರ ಮಾಡಿದರೂ ಸಂಬಂಧ ಕಡಿದುಹೋಗುತ್ತದೆ ಎಂಬ ನಂಬಿಕೆ. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು. ಹಾಳೆಯ ಕೆಳತುದಿಯಲ್ಲಿ ಐವತ್ತು ಡಿಗ್ರಿಯ ಒಂದು ಕೋನ, ಹಾಳೆ ಮಗುಚಿದರೆ ನೂರ ಮೂವತ್ತರದ್ದು ಇನ್ನೊಂದು. ಇವು ಪರಿಪೂರಕ ಕೋನಗಳೇ? ಕಾರಣ ಕೊಡಿ. ಅವನು ಕಾರಣ ಕೊಟ್ಟ: "ಅಲ್ಲ. ಒಂದು ಕೋನ ಈ ಪುಟದಲ್ಲಿದೆ, ಇನ್ನೊಂದು ಆ ಪುಟದಲ್ಲಿದೆ. ಇವು ಒಂದನ್ನೊಂದು ನೋಡಿಯೇ ಇಲ್ಲ."

ಲೆಕ್ಕದ ಮೇಷ್ಟ್ರು ಆ ಉತ್ತರವನ್ನು ಇಡೀ ತರಗತಿಗೆ ಓದಿ ಹೇಳಿದರು. ಎರಡು ಸಲ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಗಂಡ ಒಂದೂರಲ್ಲಿ ಕೆಲಸಕ್ಕಿದ್ದು ಹೆಂಡ್ತಿ ಇನ್ನೊಂದೂರಲ್ಲಿದ್ರೆ ಮದುವೆನೇ ಆಗಿಲ್ಲ ಅಂತೀಯೇನೋ? ಕೂಡಿದ್ರೆ ನೂರ ಎಂಬತ್ತು ಆಗತ್ತಾ? ಆಗತ್ತೆ ಅಂದ್ರೆ ಮುಗೀತು, ಎಲ್ಲಿದ್ರೂ ಜೋಡಿನೇ," ಎಂದರು. ಆ ವರ್ಷ ಮುಗಿಯುವ ತನಕ ಅವನ ಹೆಸರೇ "ನೋಡಿಯೇ ಇಲ್ಲ" ಎಂದಾಯಿತು.

ಈ ನಕ್ಷೆಯವನು ಬೇರೆ ಯಾರೂ ಅಲ್ಲ, ಇದನ್ನು ಬರೆಯುತ್ತಿರುವವನೇ. "ನಾನು" ಎಂದು ಬರೆಯಲು ಹೋದರೆ ಮುಂದೆ ಒಂದೆರಡು ಕಡೆ ಪೆನ್ನು ಮುಷ್ಕರ ಹೂಡುವ ಹಾಗಿದೆ. ಆದ್ದರಿಂದ "ಅವನು" ಎಂದೇ ಇರಲಿ.

ಇಂಥವನ ಕೈಗೆ ಜನ್ಮದಲ್ಲಿ ಕೋನಗಳ ಕೆಲಸ ಕೊಡಬಾರದಿತ್ತು. ಆದರೆ ಹಣೆಬರಹ ಬರೆಯುವವನ ಬಳಿ ಕೋನಮಾಪಕ ಇರುವುದಿಲ್ಲ. ಓದು ಮುಗಿಸಿ, ಹತ್ತಾರು ಕಡೆ ಅರ್ಜಿ ಹಾಕಿ, ಎಲ್ಲೂ ಆಗದೆ ಅವನು ಹೋಗಿ ಸೇರಿದ್ದು ಕುರ್ಚಿ ಮಾಡುವ ಒಂದು ವರ್ಕ್‌ಶಾಪಿಗೆ. ಸ್ಟೀಲ್ ಪೈಪಿನ ಕುರ್ಚಿಗಳು. ಆಸ್ಪತ್ರೆ, ಕಚೇರಿ, ಬಸ್ ನಿಲ್ದಾಣ, ಹೀಗೆ ಜನ ಕಾಯುತ್ತ ಕೂರುವಲ್ಲೆಲ್ಲ ಇರುತ್ತವಲ್ಲ, ಅಂಥವು. ತಗಡಿನ ಮಾಡಿನ ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ಪೈಪು ಕತ್ತರಿಸುತ್ತಾರೆ, ನಡುವೆ ಬಗ್ಗಿಸುತ್ತಾರೆ, ಆಚೆ ಬೆಸುಗೆ, ಕೊನೆಗೆ ಬಣ್ಣ. ಮೇಲೆ ಮರದ ಅಟ್ಟದಲ್ಲಿ ಗಾಜಿನ ಕಿಟಕಿಯಿರುವ ಒಂದು ಕೋಣೆ. ಅಲ್ಲಿ ಸಾಹುಕಾರರು ಕೂತಿರುತ್ತಾರೆ, ಅವರ ಕಣ್ಣು ಮಾತ್ರ ಕೆಳಗೆ ಓಡಾಡಿಕೊಂಡಿರುತ್ತದೆ. ಅಟ್ಟಕ್ಕೆ ಹೋಗುವ ಮೆಟ್ಟಿಲ ಕೆಳಗೆ ನಕ್ಷೆಯವನ ಮೇಜು.

ಕೆಲಸ ಇಷ್ಟೇ. ಸಾಹುಕಾರರು ಗಿರಾಕಿಗಳ ಹತ್ತಿರ ಹೋಗಿ, "ಹೀಗಿರಬೇಕಂತೆ, ಹಾಗಿರಬೇಕಂತೆ" ಎಂದು ಗಾಳಿಯಲ್ಲಿ ಕೈಯಾಡಿಸುತ್ತ ಬರುತ್ತಾರೆ. ಅವನು ಆ ಗಾಳಿಯನ್ನು ಕಾಗದಕ್ಕೆ ಇಳಿಸಬೇಕು. ಆಮೇಲೆ ಒಂದೊಂದು ಪೈಪಿಗೂ ಒಂದೊಂದು ಚೀಟಿ: ಉದ್ದ ಎಷ್ಟು, ಎಲ್ಲಿ ಬಗ್ಗಬೇಕು, ಕೋನ ಎಷ್ಟು ಡಿಗ್ರಿ. ಆ ಚೀಟಿಯನ್ನು ಬೆಂಡಿಂಗ್ ಮೆಷಿನ್ ಪಕ್ಕದ ಮೊಳೆಗೆ ಸಿಕ್ಕಿಸಿ ಬಂದರೆ ಅವನ ಕೆಲಸ ಮುಗಿಯಿತು, ಪೈಪಕ್ಕನ ಕೆಲಸ ಶುರು.

ಪೈಪಕ್ಕನಿಗೆ ನಲವತ್ತನಾಲ್ಕು ವರ್ಷ. ಎತ್ತರದ ಆಳು, ಸಣಕಲು ಮೈ, ಆದರೆ ಮುಂಗೈ ನೋಡಿದರೆ ಕುಸ್ತಿಯವರದ್ದು. ಕೂದಲಿಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ದಾರ ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡ ಕನ್ನಡಕ, ಮೂರು ಜೇಬಿನ ದಪ್ಪ ಬಟ್ಟೆಯ ಏಪ್ರನ್. ಒಂದು ಜೇಬಿನಲ್ಲಿ ಸೀಮೆಸುಣ್ಣ, ಒಂದರಲ್ಲಿ ಚೀಟಿಗಳು. ಮೂರನೆಯದರಲ್ಲಿ ಏನಿದೆ ಎಂದು ಕೇಳಿದವರಿಗೆಲ್ಲ "ನಿನ್ನ ತಲೆ" ಎಂಬ ಒಂದೇ ಉತ್ತರ.

ಮೊದಲ ದಿನವೇ ಅವನು ಆಕೆಯ ತಪ್ಪು ಹಿಡಿದ. ಹಿಡಿದೆ ಎಂದುಕೊಂಡ. ಕುರ್ಚಿಯ ಬೆನ್ನಿನ ಪೈಪಿಗೆ ಅವನು ನೂರ ಹತ್ತು ಡಿಗ್ರಿ ಬರೆದಿದ್ದ. ಆಕೆ ಸನ್ನೆಗೋಲು ಎಳೆದಳು. ಮೆಷಿನ್ನಿನ ಅರ್ಧಚಂದ್ರದ ತಗಡಿನ ಮೇಲೆ ಮುಳ್ಳು ಸರಿದು ಎಪ್ಪತ್ತರ ಹತ್ತಿರ ನಿಂತಿತು.

"ಅಕ್ಕಾ, ನಿಲ್ಲಿ, ನಿಲ್ಲಿ! ನಾನು ನೂರ ಹತ್ತು ಬರೆದಿದ್ದೀನಿ. ನೀವು ಎಪ್ಪತ್ತಕ್ಕೆ ನಿಲ್ಲಿಸಿದ್ರಿ!"

"ಹೌದು."

"ನಮಗೆ ಬೇಕಾಗಿರೋದು ನೂರ ಹತ್ತು."

"ನೂರ ಹತ್ತೇ ಬಂದಿದೆ."

ಅವನು ಮುಳ್ಳು ತೋರಿಸಿದ. ಆಕೆ ಅವನ ಮುಖ ನೋಡಿದಳು, ಅಂಗಡಿಯಲ್ಲಿ ಬದನೆಕಾಯಿ ತಿರುವಿ ನೋಡುವ ಹಾಗೆ. "ಓದಿದವನು ಅಲ್ವಾ? ಕೈ ಚಾಚು."

ಅವನು ಚಾಚಿದ.

"ಈಗ ಮೊಣಕೈ ಎಷ್ಟು ಬಗ್ಗಿದೆ?"

"ಬಗ್ಗಿಲ್ಲ."

"ಅಂದ್ರೆ ಮೆಷಿನ್ನಿಗೆ ಸೊನ್ನೆ. ನಿನ್ನ ಕಾಗದಕ್ಕೆ ಎಷ್ಟು?"

"ನೂರ ಎಂಬತ್ತು. ಅದನ್ನ ಸರಳಕೋನ ಅಂತಾರೆ."

"ಹೆಸರು ಕೇಳ್ಲಿಲ್ಲ ನಾನು." ಆಕೆ ಅವನ ಮುಂಗೈ ಹಿಡಿದು ಮೊಣಕೈಯನ್ನು ಮೆಲ್ಲಗೆ ಮಡಿಸಿದಳು. "ಈಗ ಎಪ್ಪತ್ತು ಬಗ್ಗಿಸಿದೆ ಅನ್ಕೋ. ಮಡಚಿನ ಒಳಗೆ ಎಷ್ಟು ಉಳೀತು?"

"...ನೂರ ಹತ್ತು."

"ಮೆಷಿನ್ನು ಎಷ್ಟು ಬಗ್ಗಿತು ಅಂತ ಎಣಿಸತ್ತೆ. ನೀನು ಎಷ್ಟು ಉಳೀತು ಅಂತ ಬರೀತೀಯ. ಬಗ್ಗಿದ್ದೂ ಉಳಿದದ್ದೂ ಕೂಡಿದ್ರೆ ಮೊದಲಿನ ನೆಟ್ಟಗಿನ ಪೈಪು. ನಡುವೆ ನಿಂತು ಕಳೆಯೋಳು ನಾನು. ತಿಳೀತಾ? ಈಗ ಕೈ ಇಳಿಸು, ಏನೋ ಬೇಡೋಕೆ ಬಂದೋನ ಥರ ನಿಂತಿದೀಯ."

ಬೆಸುಗೆಯ ಮೂಲೆಯಲ್ಲಿ ಯಾರೋ ನಕ್ಕರು. ಅವತ್ತು ಆಕೆಯೇ ಅವನಿಗೆ "ನಕ್ಷೆ" ಎಂದು ಹೆಸರಿಟ್ಟಳು. "ನೋಡಿಯೇ ಇಲ್ಲ"ಕ್ಕಿಂತ ವಾಸಿ ಎಂದು ಅವನೂ ಒಪ್ಪಿಕೊಂಡ.

ಆ ವರ್ಕ್‌ಶಾಪಿನ ಪದ್ಧತಿಯೇ ಅದು. ಚೀಟಿಯಲ್ಲಿ ಉಳಿದದ್ದು ಇರಬೇಕು. ಪೈಪಕ್ಕ ಅದನ್ನು ನೂರ ಎಂಬತ್ತರಲ್ಲಿ ಕಳೆದು, ಬಂದದ್ದನ್ನು ಮೆಷಿನ್ ಪಕ್ಕದ ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅಷ್ಟಕ್ಕೆ ಮುಳ್ಳು ನಿಲ್ಲಿಸಬೇಕು. ಈ ನಿಯಮ ಎಲ್ಲೂ ಬರೆದಿಟ್ಟಿರಲಿಲ್ಲ. ಉಸಿರಾಡುವುದು ಹೇಗೆಂದು ಯಾರಾದರೂ ಗೋಡೆಗೆ ಅಂಟಿಸಿರುತ್ತಾರೆಯೇ? ಹಾಗೆ. ಕಳೆಯುವುದಲ್ಲದೆ ಆಕೆ ಎರಡು ಡಿಗ್ರಿ ಹೆಚ್ಚಿಗೇ ಬಗ್ಗಿಸುತ್ತಿದ್ದಳು, ಏಕೆಂದರೆ ಪೈಪು ಬಿಟ್ಟ ಕೂಡಲೇ ಅಷ್ಟು ಹಿಂದಕ್ಕೆ ಸರಿಯುತ್ತದೆ. "ಬುದ್ಧಿ ಹೇಳಿಸ್ಕೊಂಡ ಗಂಡಸಿನ ಥರ," ಎನ್ನುತ್ತಿದ್ದಳು. "ಎದುರಿಗಿದ್ದಾಗ ಬಗ್ಗತ್ತೆ. ಬೆನ್ನು ತಿರುಗಿಸಿದ್ರೆ ಸ್ವಲ್ಪ ಹಿಂದಕ್ಕೆ."

ಆ ಮಾತಿಗೆ ಮೂಲಪುರುಷ ಆಕೆಯ ಗಂಡನೇ ಇರಬಹುದು ಎಂದು ಅವನಿಗೆ ಅನುಮಾನವಿತ್ತು. ಮೊದಲು ಆ ಮೆಷಿನ್ನಿನ ಮೇಲಿದ್ದವರು ಅವರು. ಹನ್ನೊಂದು ವರ್ಷದ ಹಿಂದೆ ಅವರ ಹೆಗಲು ಜಾರಿತು. ಒಂದು ತಿಂಗಳ ಮಟ್ಟಿಗೆ ಎಂದು ಪೈಪಕ್ಕ ಬಂದಳು. ಮೊದಲ ವಾರ ಬಗ್ಗಿಸಿದ ಪೈಪುಗಳನ್ನು ನೋಡಿ ಆಗಿನ್ನೂ ಕಪ್ಪು ಮೀಸೆ ಇದ್ದ ಮೇಸ್ತ್ರಿ, "ಇದೇನಮ್ಮ, ಕುರ್ಚಿಯೋ ಕೊಡೆ ಹಿಡಿಯೋ?" ಎಂದಿದ್ದರಂತೆ. ಎರಡನೇ ವಾರ ಸುಮ್ಮನಾದರು. ತಿಂಗಳು ಮುಗಿಯುವ ಹೊತ್ತಿಗೆ ಗಂಡನ ಹೆಗಲು ಸರಿಹೋಯಿತು, ಆದರೆ ಮೇಸ್ತ್ರಿಯೇ ಮನೆಗೆ ಹೋಗಿ, "ನೀವು ಇನ್ನೂ ಸ್ವಲ್ಪ ದಿನ ಸುಧಾರಿಸ್ಕೊಳ್ಳಿ, ಅವಸರ ಇಲ್ಲ," ಎಂದು ಹೇಳಿ ಬಂದರು. ಗಂಡ ಇವತ್ತಿಗೂ ಸುಧಾರಿಸಿಕೊಳ್ಳುತ್ತಲೇ ಇದ್ದಾರೆ. ಅಡುಗೆ ಅವರದೇ. ಮಿಕ್ಕ ಹೊತ್ತಿನಲ್ಲಿ ಇದೇ ವರ್ಕ್‌ಶಾಪಿನ ಕುರ್ಚಿಗಳಿಗೆ ದಿಂಬಿನ ಕವರು ಹೊಲಿಯುತ್ತಾರೆ.

ಒಂದು ಭಾನುವಾರ ಕವರುಗಳನ್ನು ತರಲು ನಕ್ಷೆಯವನು ಅವರ ಮನೆಗೆ ಹೋದ. ಮೂರನೇ ಮಹಡಿ, ಎರಡು ಕೋಣೆ. ಮನೆಯಲ್ಲಿ ಜನ ಮೂವರು, ಕುರ್ಚಿ ಎರಡು. ಎರಡೂ ತಪ್ಪಾದ ಪೈಪುಗಳಿಂದ ಮಾಡಿದವು, ಆದರೆ ಕೂರುವವರ ಮೈಗೆ ಅಳೆದು ಮಾಡಿದವು. ಗಂಡನದ್ದು ನೂರ ಐದು. ಹೊಲಿಗೆ ಯಂತ್ರದ ಮುಂದೆ ಕೂತರೆ ಹೆಗಲು ಎಳೆಯದ ಹಾಗೆ. ಕಿಟಕಿಯ ಹತ್ತಿರ ಅತ್ತೆಯದ್ದು.

"ನಂದು ತೊಂಬತ್ತೆಂಟು," ಎಂದಿತು ಮುದುಕಿ, ವಯಸ್ಸು ಹೇಳುವ ಹಾಗೆ. "ಮೊದ್ಲು ನೂರ ಹತ್ತು ಮಾಡ್ಕೊಟ್ಟಿದ್ಲು. ಕೂತ್ರೆ ಸಾಕು ನಿದ್ದೆ. ಆಮೇಲೆ ತೊಂಬತ್ತು ಮಾಡಿದ್ಲು. ಕೂತ್ರೆ ಸಾಕು ಸೊಸೆ ಮೇಲೆ ಸಿಟ್ಟು. ಈಗ ಎರಡೂ ಹದವಾಗಿದೆ."

"ನಿಮ್ಮ ಕುರ್ಚಿ ಎಲ್ಲಿ ಅಕ್ಕಾ?" ಎಂದ ಅವನು. ಪೈಪಕ್ಕ ನೆಲದ ಮೇಲೆ ಕೂತು, ಗೋಡೆಗೆ ಒರಗಿ, ಎರಡೂ ಹಿಮ್ಮಡಿಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದಳು.

"ನಂಗೆ ಬೇಕಾಗಿರೋ ಕುರ್ಚಿ ಮನೇಲಿಲ್ಲ. ವರ್ಕ್‌ಶಾಪಲ್ಲಿದೆ."

ಅದು ಯಾವುದೆಂದು ಅವನು ಕೇಳಬೇಕಾಗಿರಲಿಲ್ಲ. ಆ ಶೆಡ್ಡಿನಲ್ಲಿ ದಿನಕ್ಕೆ ಮೂವತ್ತು ಕುರ್ಚಿ ಹುಟ್ಟುತ್ತವೆ, ಆದರೆ ಕೂರುವ ಹಕ್ಕು ಒಬ್ಬರಿಗೇ. "ಮಾರೋ ಕುರ್ಚಿ, ಕೂರೋದಕ್ಕಲ್ಲ" ಎಂಬುದು ಸಾಹುಕಾರರ ಮಂತ್ರ. ಪ್ಲಾಸ್ಟಿಕ್ ಸುತ್ತಿದ ಕುರ್ಚಿಯ ಅಂಚಿಗೆ ಯಾರಾದರೂ ಸೊಂಟ ತಾಗಿಸಿದರೂ ಮೇಲಿನ ಗಾಜಿನ ಮೇಲೆ ಟಕ್ ಟಕ್ ಎಂದು ಬೆರಳು ಬಡಿಯುತ್ತದೆ. ಮೇಸ್ತ್ರಿ ಮಾತ್ರ ರಿಜಿಸ್ಟರು ಬರೆಯಬೇಕಾದ್ದರಿಂದ ಅವರಿಗೆ ಬಾಗಿಲ ಬಳಿ, ಗಾಳಿ ಬರುವ ಕಡೆ, ಕೈ ಇರುವ ಒಂದು ಹಳೇ ಕುರ್ಚಿ. (ನಕ್ಷೆಯವನಿಗೆ ಸ್ಟೂಲು. ಅದನ್ನು ಕೂರುವುದು ಎನ್ನಲಾಗದು.) ಪೈಪಕ್ಕ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ, ಹನ್ನೊಂದು ವರ್ಷ, ಊರಿಗೆಲ್ಲ ಕುರ್ಚಿ ಬಗ್ಗಿಸಿ ಕೊಡುತ್ತ ನಿಂತೇ ಇದ್ದಳು. ಹಿಮ್ಮಡಿ ಎರಡೂ ಬೆಂಕಿ.

"ಮೇಸ್ತ್ರಿಗಿರಿ ಬೇಡಪ್ಪ ನಂಗೆ," ಎಂದಳು ಬಕೆಟ್ಟಿನಲ್ಲಿ ಕಾಲಾಡಿಸುತ್ತ. "ಆ ಕುರ್ಚಿ ಬೇಕು. ಅದರ ಜೊತೆ ಮೇಸ್ತ್ರಿಗಿರಿ ಬರತ್ತೆ ಅಂದ್ರೆ ಅದನ್ನೂ ಹಾಳಾಗ್ಲಿ ಅಂತ ಮಾಡ್ತೀನಿ."

ಅದೇ ವಾರ ಅದಕ್ಕೆ ದಾರಿಯೂ ತೆರೆಯಿತು. ಮೇಸ್ತ್ರಿಯ ಮೀಸೆ ಪೂರ್ತಿ ಬೆಳ್ಳಗಾಗಿತ್ತು, ಮಂಡಿ ಕೈಕೊಟ್ಟಿತ್ತು, ತಿಂಗಳ ಕೊನೆಗೆ ಬಿಡುತ್ತೇನೆಂದು ಹೇಳಿದ್ದರು. ಸಾಹುಕಾರರು ಪೈಪಕ್ಕನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡು ಮಾತಾಡಿದರು. ಮೆಟ್ಟಿಲ ಕೆಳಗಿದ್ದ ನಕ್ಷೆಯವನಿಗೆ ಎಲ್ಲ ಕೇಳಿಸಿತು.

"ನೋಡಮ್ಮ, ನೀನು ಆರನೇ ಕ್ಲಾಸಿಗೆ ಬಿಟ್ಟೋಳು. ಮೇಸ್ತ್ರಿ ಅಂದ್ರೆ ಲೆಕ್ಕ ಬರಬೇಕು. ಹೊರಗಿಂದ ಒಬ್ಬರನ್ನ ತರೋಣ ಅಂತಿದ್ದೆ. ಆದ್ರೆ ನಮ್ಮ ಮೇಸ್ತ್ರಿ ನಿನ್ನ ಹೆಸರೇ ಹೇಳ್ತಾರೆ. ಹಲ್ಲಿನ ಡಾಕ್ಟರಮ್ಮ ಕಾಯೋ ಕೋಣೆಗೆ ಕುರ್ಚಿ ಕೇಳಿದ್ದಾರೆ. ಒಂದು ಮಾದರಿ ನೋಡಿ ಆಮೇಲೆ ಮಿಕ್ಕಿದ್ದು ಅಂದಿದ್ದಾರೆ. ಆ ಮಾದರಿ ಒಂದೇಟಿಗೆ ಸರಿಬಂತು ಅನ್ನು, ಕುರ್ಚಿ ನಿಂದು. ಕೆಟ್ಟಿತೋ, ಹೊರಗಿನವನೇ."

ಆ ಮಾತು ಕೇಳಿ ನಕ್ಷೆಯವನ ಎದೆ ತುಂಬಿ ಬಂತು. ಅವನ ಎದೆ ತುಂಬಿದಾಗಲೆಲ್ಲ ತಲೆ ಖಾಲಿಯಾಗುತ್ತದೆ. ಅಕ್ಕನಿಗೆ ಏನಾದರೂ ಮಾಡಬೇಕು ಎನಿಸಿತು. ಇಷ್ಟು ಮುಖ್ಯವಾದ ಪೈಪಿಗೆ ಆಕೆ ಪಾಪ ನಿಂತು ಕಳೆಯುತ್ತಿರಬೇಕೇ? ಕಳೆಯುವಾಗ ಕೈ ತಪ್ಪಿದರೆ? ಓದಿದವನು ತಾನಿರುವುದು ಯಾತಕ್ಕೆ? ಬೆನ್ನು ನೂರ ಹತ್ತು ಬರಬೇಕಿತ್ತು. ಅವನೇ ಕಳೆದ. ಎರಡು ಸಲ ಕಳೆದು, ಕೂಡಿ ತಾಳೆ ನೋಡಿ, ಚೀಟಿಯಲ್ಲಿ ದುಂಡಗೆ "ಬೆನ್ನು: ೭೦" ಎಂದು ಬರೆದ. ಹೇಳಿಬಿಟ್ಟರೆ ಉಪಕಾರದ ಸೊಗಸು ಹೋಗುತ್ತದೆಂದು ಹೇಳದೆ ಮೊಳೆಗೆ ಸಿಕ್ಕಿಸಿ ಬಂದ.

ಹತ್ತು ನಿಮಿಷದಲ್ಲಿ ಪೈಪಕ್ಕ ಚೀಟಿ ಹಿಡಿದು ಮೆಟ್ಟಿಲ ಹತ್ತಿರ ಬಂದಳು. "ನಕ್ಷೆ, ಇದು ಎಪ್ಪತ್ತೇನೋ?"

"ಎಪ್ಪತ್ತೇ ಅಕ್ಕಾ."

"ಬೆನ್ನಿಗೆ?"

"ಬೆನ್ನಿಗೇ. ನೀವು ಕಣ್ಣುಮುಚ್ಚಿ ಬಗ್ಗಿಸಿ. ತಪ್ಪಾದ್ರೆ ನನ್ನನ್ನ ಕೇಳಿ."

ಆಕೆ ಚೀಟಿಯನ್ನು ಇನ್ನೊಮ್ಮೆ ನೋಡಿದಳು. "ಹಲ್ಲಿನ ಡಾಕ್ಟರು ಅಲ್ವಾ," ಎಂದು ತನಗೆ ತಾನೇ ಹೇಳಿಕೊಂಡಳು. "ಬಾಯಿ ಮುಂದಕ್ಕೆ ಬರ್ಲಿ ಅಂತಿರಬೋದು." ಮೆಷಿನ್ನಿನ ಹತ್ತಿರ ಹೋದಳು. ಹನ್ನೊಂದು ವರ್ಷದ ಅಭ್ಯಾಸದಂತೆ ಎಪ್ಪತ್ತನ್ನು ನೂರ ಎಂಬತ್ತರಲ್ಲಿ ಕಳೆದಳು. ಹಲಗೆಯ ಮೇಲೆ ೧೧೦ ಎಂದು ಬರೆದಳು. ಸನ್ನೆಗೋಲು ಎಳೆದಳು.

ಅಂದರೆ, ಅವನು ಆಕೆಗಾಗಿ ಕಳೆದ, ಆಕೆ ಎಂದಿನಂತೆ ಕಳೆದಳು. ಎರಡು ಸಲ ಕಳೆದ ಮೇಲೆ ಲೆಕ್ಕ ಹೊರಟಲ್ಲಿಗೇ ಬಂದು ನಿಂತಿತು, ಪೈಪು ಮಾತ್ರ ನಿಲ್ಲಲಿಲ್ಲ. ನೂರ ಹತ್ತು ಡಿಗ್ರಿ ಬಗ್ಗಿತು. ಒಳಗೆ ಉಳಿದದ್ದು ಎಪ್ಪತ್ತು.

ಮಾರನೆಯ ಮಧ್ಯಾಹ್ನದ ಹೊತ್ತಿಗೆ ಬೆಸುಗೆಯಾಗಿ, ಬಣ್ಣವಾಗಿ, ದಿಂಬು ಕೂತು ಮಾದರಿ ಸಿದ್ಧವಾಯಿತು. ವೆಲ್ಡರು ಅದನ್ನೊಮ್ಮೆ ಸುತ್ತು ಬಂದು, "ಇದು ಕುರ್ಚಿ ಅಲ್ಲ ಕಣಯ್ಯಾ, ಇಲಿಬೋನು," ಎಂದ. "ಚೀಟಿ ಪ್ರಕಾರ ಇದೆ. ನಿನ್ನ ಕೆಲಸ ನೋಡು," ಎಂದಳು ಪೈಪಕ್ಕ. ನಕ್ಷೆಯವನು ಆ ಹೊತ್ತಿಗೆ ಎಲ್ಲಿದ್ದ? ಬಣ್ಣದ ಅಂಗಡಿಗೆ ಡಬ್ಬಿ ತರಲು ಹೋಗಿದ್ದ. ಬರುವಷ್ಟರಲ್ಲಿ ಡಾಕ್ಟರಮ್ಮ ಬಂದಾಗಿತ್ತು, ಕುರ್ಚಿಯ ಮೇಲೆ ಬಿಳಿ ಬಟ್ಟೆ ಹೊದಿಸಿಯಾಗಿತ್ತು. ಸಾಹುಕಾರರು ಅದನ್ನು ಸರ್ರನೆ ಎಳೆದರು.

ಮೊದಲು ಯಾರಿಗೂ ಏನೂ ಹೊಳೆಯಲಿಲ್ಲ. ಕುರ್ಚಿ ಹೊಳೆಯುತ್ತಿತ್ತು. ಆಮೇಲೆ ನೋಡಿದರೆ ಅದರ ಬೆನ್ನು ಮುಂದಕ್ಕೆ ಬಾಗಿ, ಕಳೆದುಹೋದ ನಾಣ್ಯ ಹುಡುಕುತ್ತಿರುವ ಹಾಗೆ ನಿಂತಿತ್ತು.

"ಕೂತು ನೋಡಬಹುದಾ?" ಎಂದರು ಡಾಕ್ಟರಮ್ಮ ಅನುಮಾನದಿಂದ.

"ನೀವ್ಯಾಕೆ, ನಾನೇ ತೋರಿಸ್ತೀನಿ!" ಸಾಹುಕಾರರು ತಾವೇ ಕೂತರು. ಅವರದು ದೊಡ್ಡ ಹೊಟ್ಟೆ. ಕುರ್ಚಿಯ ಬೆನ್ನು ಅವರ ಬೆನ್ನನ್ನು ಮುಂದಕ್ಕೆ ದೂಡಿತು, ಹೊಟ್ಟೆ ತೊಡೆಯ ಮೇಲೆ ಬಂದು ಕೂತಿತು, ಗಲ್ಲ ಮಂಡಿಯ ಕಡೆ ಹೊರಟಿತು. ಆದರೂ ವ್ಯಾಪಾರಸ್ಥರಲ್ಲವೇ, ಅಲ್ಲಿಂದಲೇ, ನೆಲ ನೋಡುತ್ತಲೇ, "ನೋಡಿ, ಎಷ್ಟು... ಹಿತವಾಗಿದೆ..." ಎಂದರು. ದನಿ ಮಂಡಿಗಳ ಸಂದಿಯಿಂದ ಬಂತು.

"ಇದರಲ್ಲಿ ಅರ್ಧ ಗಂಟೆ ಕಾದವರಿಗೆ ನಾನು ಬೇಡ, ಸೊಂಟದ ಡಾಕ್ಟರು ಬೇಕಾಗ್ತಾರೆ," ಎಂದರು ಡಾಕ್ಟರಮ್ಮ.

ಇಬ್ಬರು ಹಿಡಿದೆಳೆದ ಮೇಲೆ ಸಾಹುಕಾರರು ಎದ್ದರು. ಎದ್ದವರು ಮುಖ ಕೆಂಪು ಮಾಡಿಕೊಂಡು ಸೀದಾ ಬೆಂಡಿಂಗ್ ಮೆಷಿನ್ನಿನ ಹತ್ತಿರ ನಡೆದರು. ಮೊಳೆಯಿಂದ ಚೀಟಿ ಕಿತ್ತರು. ಹಲಗೆ ನೋಡಿದರು. ಮತ್ತೆ ಚೀಟಿ ನೋಡಿದರು.

"ಚೀಟೀಲಿ ಎಪ್ಪತ್ತು! ಹಲಗೆ ಮೇಲೆ ನೂರ ಹತ್ತು! ಕುರುಡನಿಗೂ ಕಾಣ್ತದಲ್ಲಮ್ಮ! ಅವನು ಬರೆದಿದ್ದೊಂದು, ನೀನು ಬಗ್ಗಿಸಿದ್ದೊಂದು! ಇದಕ್ಕೇ ನಾನು ಹೇಳಿದ್ದು, ಆರನೇ ಕ್ಲಾಸು ಆರನೇ ಕ್ಲಾಸೇ!"

ಏನಾಯಿತೆಂದು ನಕ್ಷೆಯವನಿಗೆ ಒಂದು ಕ್ಷಣದಲ್ಲಿ ಅರ್ಥವಾಯಿತು. ಆ ಶೆಡ್ಡಿನಲ್ಲಿ ಅರ್ಥವಾದದ್ದು ಇಬ್ಬರಿಗೇ, ಇನ್ನೊಬ್ಬಳು ಏಪ್ರನ್ನಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಅವನು ತಕ್ಷಣ ಮುಂದೆ ಬರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ತಾನು ಬಚಾವ್, ಸಾಹುಕಾರರೇ ತೀರ್ಪು ಕೊಟ್ಟಾಗಿದೆ ಎಂದು ಒಂದು ಮನಸ್ಸು ಹೇಳಿತು. ಈ ಕೆಲಸ ಹೋದರೆ ಮತ್ತೆ ಅರ್ಜಿ, ಮತ್ತೆ ಮನೆಯಲ್ಲಿ ಅಪ್ಪನ ಮೌನ. ನೆಲದ ಮೇಲೆ ಬಿದ್ದಿದ್ದ ಪೈಪಿನ ತುಂಡುಗಳನ್ನು ನೋಡಿದ. ಬಣ್ಣದ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಡಬ್ಬಿಯ ಮೇಲೆ ಬರೆದಿದ್ದನ್ನು ಪೂರ್ತಿ ಓದಿದ, ಎಚ್ಚರಿಕೆಯ ಸೂಚನೆಗಳ ಸಮೇತ. ಆಮೇಲೆ ಯಾರದ್ದೋ ದನಿ, "ತಪ್ಪು ನಂದು ಸಾಹುಕಾರ್ರೇ," ಎಂದಿತು. ಅವನದೇ.

"ನಿಂದು ಹೇಗೆ? ನೀನು ಬರೆದಿದ್ದು ಎಪ್ಪತ್ತು ತಾನೆ?"

"ಹೌದು. ನೂರ ಹತ್ತು ಬರೀಬೇಕಿತ್ತು."

"ನೂರ ಹತ್ತು ಅವಳು ಬಗ್ಗಿಸಿದ್ದಾಳಲ್ಲ!"

"ಅವರು ಎಪ್ಪತ್ತು ಬಗ್ಗಿಸ್ಬೇಕಿತ್ತು."

"ನೀನು ಎಪ್ಪತ್ತೇ ಬರೆದಿದೀಯಲ್ಲೋ!"

"ಅದೇ ತಪ್ಪು."

ಸಾಹುಕಾರರು ಡಾಕ್ಟರಮ್ಮನ ಕಡೆ ತಿರುಗಿ, "ಇವನು ದಿನಾ ಹೀಗಿರಲ್ಲ," ಎಂದರು. ಅವನು ಮೊದಲಿನಿಂದ ಬಿಡಿಸಿ ಹೇಳಿದ. ಚೀಟಿಯಲ್ಲಿ ಉಳಿದದ್ದು, ಮೆಷಿನ್ನಿನಲ್ಲಿ ಬಗ್ಗಿದ್ದು, ಎರಡೂ ಕೂಡಿ ನೂರ ಎಂಬತ್ತು, ಕಳೆಯುವವರು ಅಕ್ಕ, ಈ ಸಲ ತಾನೂ ಕಳೆದೆ. ಆಕೆ ಬಂದು ಕೇಳಿದಳು, ತಾನು ಕಣ್ಣುಮುಚ್ಚಿ ಬಗ್ಗಿಸಿ ಎಂದೆ.

"ನೀನ್ಯಾಕೆ ಕಳೆಯೋಕೆ ಹೋದೆ?"

"ಅಕ್ಕನಿಗೆ ಸಹಾಯ ಆಗ್ಲಿ ಅಂತ."

"ಸಹಾಯ ಮಾಡು ಅಂದೋರು ಯಾರು?"

"ಯಾರೂ ಇಲ್ಲ."

"ಹ್ಞಾ," ಎಂದರು ಮೇಸ್ತ್ರಿ ತಮ್ಮ ಕುರ್ಚಿಯಿಂದ, ಮೊದಲ ಬಾರಿ ಬಾಯಿ ತೆರೆದು. "ಅವಳು ಚೀಟಿ ಪ್ರಕಾರನೇ ಮಾಡಿದ್ದಾಳೆ. ಎಪ್ಪತ್ತು ಕೇಳಿದ್ರು, ಎಪ್ಪತ್ತು ಕೊಟ್ಲು. ಬೇಕಾದ್ರೆ ಅಳೆದು ನೋಡಿ, ಒಂದು ಡಿಗ್ರಿ ಆಚೀಚೆ ಇರಲ್ಲ."

ಅಷ್ಟರಲ್ಲಿ ಡಾಕ್ಟರಮ್ಮ ಗಡಿಯಾರ ನೋಡಿಕೊಂಡರು. "ತಪ್ಪು ಯಾರದ್ದಾದ್ರೂ ಇರ್ಲಿ. ನನಗೆ ಇವತ್ತು ನಿರ್ಧಾರ ಆಗಬೇಕು. ನಾನು ಇನ್ನೊಂದು ಕಡೆ ನೋಡ್ತೀನಿ."

"ಡಾಕ್ಟರಮ್ಮಾ," ಎಂದಳು ಪೈಪಕ್ಕ. ಜೇಬಿನಿಂದ ಕೈ ತೆಗೆದಳು. "ಎರಡು ನಿಮಿಷ ನಿಲ್ಲಿ. ನಿಮಗೆ ಬೇಕಾದ ಕುರ್ಚಿ ಇಲ್ಲೇ ಇದೆ."

"ಎಲ್ಲಿ?"

"ಇದರ ಬೆನ್ನ ಹಿಂದೆ."

ಸಾಹುಕಾರರು ನಿಜವಾಗಿಯೂ ಕುರ್ಚಿಯ ಹಿಂದೆ ಹೋಗಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಪೈಪಕ್ಕ ಮೆಷಿನ್ನಿನ ಹಲಗೆಯನ್ನು ಅಂಗೈಯಲ್ಲಿ ಒರೆಸಿ, ಸೀಮೆಸುಣ್ಣದಿಂದ ಅಡ್ಡಕ್ಕೆ ಒಂದು ನೇರ ಗೆರೆ ಎಳೆದಳು. ಗೆರೆಯ ನಡುವಿನಿಂದ ಮೇಲಕ್ಕೆ, ಬಲಕ್ಕೆ ವಾಲಿದ ಇನ್ನೊಂದು ಗೆರೆ.

"ಬಲಗಡೆ ಇರೋದು ಈಗಿನ ಸೀಟು. ವಾಲಿರೋದು ಬೆನ್ನು. ಇವೆರಡರ ನಡುವೆ ಎಪ್ಪತ್ತು. ಸೀಟಿನ ಗೆರೆನ ನಾನು ಹಿಂದಕ್ಕೂ ಎಳೆದಿದ್ದೀನಿ, ನೋಡಿ, ಎಡಗಡೆಗೆ. ಕುರ್ಚೀಲಿ ಅದಿಲ್ಲ, ಆದ್ರೆ ಇದೆ ಅನ್ಕೊಳ್ಳಿ. ಇಡೀ ಗೆರೆ ನೇರ, ಅಂದ್ರೆ ಪೂರ್ತಿ ನೂರ ಎಂಬತ್ತು. ಅದರಲ್ಲಿ ಎಪ್ಪತ್ತನ್ನ ಈ ಬೆನ್ನು ಬಲಗಡೆಗೆ ತಗೊಂಡುಬಿಟ್ಟಿದೆ. ಎಡಗಡೆಗೆ ಎಷ್ಟು ಬಿಟ್ಟಿದೆ?"

"ನೂರ ಹತ್ತು," ಎಂದರು ಡಾಕ್ಟರಮ್ಮ.

"ನಿಮಗೆ ಬೇಕಾಗಿದ್ದು?"

ಡಾಕ್ಟರಮ್ಮ ಹಲಗೆಯನ್ನೂ ಕುರ್ಚಿಯನ್ನೂ ನೋಡಿದರು. ಪೈಪಕ್ಕ ನಕ್ಷೆಯವನ ಕೈಯಲ್ಲಿದ್ದ ಡಬ್ಬಿಯತ್ತ ನೋಡಿ, "ಅದು ಸಾಲಲ್ಲ, ದೊಡ್ಡದು ತಾ," ಎಂದಳು. ಅವನು ಓಡಿಹೋಗಿ ಖಾಲಿ ಬಣ್ಣದ ಡ್ರಮ್ಮು ಉರುಳಿಸಿ ತಂದ. ಸೀಟಿನ ಎತ್ತರಕ್ಕೆ ಸರಿಯಾಗುವಂತೆ ಅದರ ಮೇಲೊಂದು ಹಲಗೆಯಿಟ್ಟು, ಕುರ್ಚಿಯ ಹಿಂಬದಿಗೆ ತಾಗಿಸಿ ನಿಲ್ಲಿಸಿದಳು. ಬೆನ್ನಿನ ಬರಿಯ ಪೈಪಿನ ಮೇಲೆ ಬಿಳಿ ಬಟ್ಟೆಯನ್ನು ಮಡಿಸಿ ಹಾಕಿದಳು. ವೆಲ್ಡರನ್ನು ಕುರ್ಚಿಯ ಮುಂಗಾಲು ಹಿಡಿದುಕೊಂಡು ಕೂರಲು ಹೇಳಿದಳು, ಮಗುಚದ ಹಾಗೆ.

"ಕೂತ್ಕೊಳ್ಳಿ. ಹಿಂದುಮುಂದಾಗಿ. ಡ್ರಮ್ಮಿನ ಮೇಲೆ ಕೂತು ಈ ಬೆನ್ನಿಗೆ ಒರಗಿ."

ಡಾಕ್ಟರಮ್ಮ ಕೂತರು. ಮೆಲ್ಲಗೆ ಒರಗಿದರು. ಇನ್ನಷ್ಟು ಒರಗಿದರು. ಕಾಲು ತಾನಾಗಿಯೇ ಮುಂದಕ್ಕೆ ಚಾಚಿತು, ಕಣ್ಣು ಅರ್ಧ ಮುಚ್ಚಿತು. ಕಾಲ ಬಳಿ ಕುಕ್ಕರಗಾಲಲ್ಲಿ ಕೂತ ವೆಲ್ಡರ್, "ಅಮ್ಮಾ, ನಿದ್ದೆ ಮಾಡ್ಬೇಡಿ, ನನ್ನ ಕೈ ಸೋಲ್ತಿದೆ," ಎಂದ.

"ಇದೇ," ಎಂದರು ಡಾಕ್ಟರಮ್ಮ ಕಣ್ಣು ಬಿಡದೆ. "ನಾನು ಕೇಳಿದ್ದು ಇದೇ."

"ಸೀಟು ಈ ಕಡೆಯಿಂದ ಕತ್ತರಿಸಿ ಆ ಕಡೆಗೆ ಬೆಸುಗೆ ಹಾಕಿದ್ರೆ ಆಯ್ತು. ದಿಂಬು ತಿರುಗಿಸ್ಬೇಕು. ಸಂಜೆಗೆ ಕೊಡ್ತೀವಿ. ಮಿಕ್ಕ ಕುರ್ಚಿಗಳು ಮೊದಲಿಂದಲೇ ಸರಿಯಾಗಿ ಬರ್ತವೆ." ಪೈಪಕ್ಕ ನಕ್ಷೆಯವನ ಕಡೆ ತಿರುಗಿದಳು. "ಯಾರೂ ಸಹಾಯ ಮಾಡದೇ ಇದ್ರೆ."

ಸಾಹುಕಾರರು ತಾವೂ ಒಮ್ಮೆ ಡ್ರಮ್ಮಿನ ಮೇಲೆ ಕೂತು ನೋಡಿದರು. ಎದ್ದು, ಹಲಗೆಯ ಮೇಲಿನ ಗೆರೆಯನ್ನು ಎರಡೂ ಕಡೆಯಿಂದ ನೋಡಿದರು, ತಲೆ ವಾಲಿಸಿ ನೋಡಿದರು. ಅವರಿಗೆ ಅರ್ಥವಾಯಿತೋ ಇಲ್ಲವೋ ಯಾರಿಗೂ ಇವತ್ತಿಗೂ ಗೊತ್ತಿಲ್ಲ. ಆದರೆ ಡಾಕ್ಟರಮ್ಮ ಹೊರಟ ಮೇಲೆ ಮೆಟ್ಟಿಲು ಹತ್ತುತ್ತ, ಅರ್ಧದಲ್ಲಿ ನಿಂತು, "ಒಂದನೇ ತಾರೀಖಿಂದ ಆ ಕುರ್ಚಿ ನಿಂದಮ್ಮ," ಎಂದರು. ಇನ್ನೆರಡು ಮೆಟ್ಟಿಲು ಹತ್ತಿ ಬಗ್ಗಿ, "ಏಯ್, ನೀನು. ಇನ್ನೊಂದು ಸಲ ಕಳೆದ್ರೆ ನಿನ್ನನ್ನೇ ಕಳೀತೀನಿ," ಎಂದರು.

ಒಂದನೇ ತಾರೀಖು ಮೇಸ್ತ್ರಿ ರಿಜಿಸ್ಟರನ್ನೂ ಪೆನ್ನನ್ನೂ ಒಪ್ಪಿಸಿ, ಕುರ್ಚಿಯ ಮೇಲಿನ ಧೂಳನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿಕೊಟ್ಟು ಹೋದರು. ಪೈಪಕ್ಕ ತಕ್ಷಣ ಕೂರಲಿಲ್ಲ. ಕುರ್ಚಿಯನ್ನು ಒಂದು ಸುತ್ತು ಹಾಕಿದಳು. ಬೆನ್ನು ಹಿಡಿದು ಅಲ್ಲಾಡಿಸಿದಳು. "ನೂರ ಎರಡು," ಎಂದಳು, ಕಣ್ಣಳತೆಯಲ್ಲೇ. "ಅದಕ್ಕೇ ಆ ಮನುಷ್ಯನಿಗೆ ಮಂಡಿ ಹೋಗಿದ್ದು." ಆಮೇಲೆ ಕೂತಳು. ಚಪ್ಪಲಿ ಬಿಟ್ಟು, ಎರಡೂ ಕಾಲುಗಳನ್ನು ಪೈಪಿನ ಕಟ್ಟಿನ ಮೇಲೆ ಚಾಚಿ, ಹನ್ನೊಂದು ವರ್ಷದ ಉಸಿರನ್ನು ಒಂದೇ ಸಲಕ್ಕೆ ಬಿಟ್ಟಳು.

ಮೆಷಿನ್ನಿಗೆ ಹೊಸಬ ಬರುವವರೆಗೆ ಬಗ್ಗಿಸುವ ಕೆಲಸವೂ ನಕ್ಷೆಯವನ ಹೆಗಲಿಗೆ ಬಿದ್ದಿತ್ತು. ಆಕೆ ಕೂತಲ್ಲಿಂದಲೇ, "ಎರಡು ಜಾಸ್ತಿ, ಎರಡು ಜಾಸ್ತಿ," ಎಂದು ಕೂಗುತ್ತಿದ್ದಳು. ಹನ್ನೊಂದು ಗಂಟೆಗೆ ಅವನು ಎರಡು ಲೋಟ ಟೀ ತಂದು, ಒಂದನ್ನು ಕುರ್ಚಿಯ ಕೈ ಮೇಲಿಟ್ಟ. ಹೋಗಲಿಲ್ಲ, ಅಲ್ಲೇ ನಿಂತ. ಐದು ದಿನದಿಂದ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟ.

"ಅಕ್ಕಾ, ಅವತ್ತು ನಾನು ಬಾಯಿ ಬಿಡದೇ ಇದ್ದಿದ್ರೆ... ನೀವು ಸುಮ್ಮನೇ ಇರ್ತಿದ್ರಾ?"

ಪೈಪಕ್ಕ ಟೀ ಒಂದು ಗುಟುಕು ಕುಡಿದಳು.

"ಮನಸ್ಸಲ್ಲೇ ಇಪ್ಪತ್ತು ಎಣಿಸೋಣ ಅಂತಿದ್ದೆ. ನೀನು ಹದಿನೇಳಕ್ಕೆ ಬಾಯಿ ಬಿಟ್ಟೆ. ಇಪ್ಪತ್ತೊಂದಕ್ಕೆ ಸಾಹುಕಾರ್ರಿಗೆ ನಿನ್ನ ಹೆಸರು ನಾನೇ ಹೇಳ್ತಿದ್ದೆ. ಕುರ್ಚಿ ಬಿಟ್ಟುಕೊಡೋ ಅಷ್ಟು ಒಳ್ಳೆಯವಳಲ್ಲ ಕಣೋ ನಾನು."